ನಿಧಾನವಾಗಿ ಬೆಳೆಯುವ ಮಿದುಳಿನ ಗೆಡ್ಡೆಯೂ ತಾಯ್ತನವೂ

ಮಿದುಳಿನಲ್ಲಿ ಗೆಡ್ಡೆಯಿದೆ ಎಂಬ ಸುದ್ದಿ ಮನೆಗೆ ಬಂದೊಡನೆ ನಮ್ಮ ಜನರ ಬಾಯಿಂದ ಸಾಮಾನ್ಯವಾಗಿ ಎರಡು ಮಾತುಗಳು ಹೊರಡುತ್ತವೆ. 'ಇನ್ನೆಷ್ಟು ದಿನ?' ಎಂಬುದು ಒಂದು. 'ಯಾರಿಗೂ ತಿಳಿಯದಿರಲಿ' ಎಂಬುದು ಇನ್ನೊಂದು. ರೋಗಿಯು ಇಪ್ಪತ್ತೈದು ಮೂವತ್ತರ ಹರೆಯದ ಸ್ತ್ರೀಯಾದರೆ ಮೂರನೆಯ ಮಾತೊಂದು ಸೇರಿಕೊಳ್ಳುತ್ತದೆ: 'ಇವಳು ತಾಯಿಯಾಗಬಹುದೆ?' ಈ ಮೂರನೆಯ ಪ್ರಶ್ನೆಗೆ ಇಂದಿನ ವೈದ್ಯವಿಜ್ಞಾನವು ಏನು ಉತ್ತರ ಕೊಡಬಲ್ಲುದು, ಆ ಉತ್ತರಕ್ಕೆ ಆಧಾರವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಈ ಪ್ರಶ್ನೆ ಬಹಳ ಹಳೆಯದೇನಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ, ನಮ್ಮ ದೇಶದ ಮೊದಲನೆಯ ನರಶಸ್ತ್ರಚಿಕಿತ್ಸಾ ವಿಭಾಗವು ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರ ಕೈಯಲ್ಲಿ ಹುಟ್ಟಿ ನಾಲ್ಕೇ ವರ್ಷಗಳಾಗಿದ್ದವು. ಆಗ ಸಾಮಾನ್ಯ ಕ್ಷ-ಕಿರಣದ ಚಿತ್ರದಲ್ಲಿ ತಲೆಬುರುಡೆಯ ಎಲುಬು ಕಾಣುತ್ತಿತ್ತೇ ಹೊರತು ಒಳಗಿನ ಮೃದುವಾದ ಮಿದುಳು ಕಾಣುತ್ತಿರಲಿಲ್ಲ. ದೃಷ್ಟಿ ಮಸುಕಾಗಿ, ಕೈಕಾಲು ಸೋತ ಮೇಲೆಯೇ ಗೆಡ್ಡೆಯ ಸುಳಿವು ಸಿಕ್ಕುತ್ತಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಸಿ.ಟಿ. ಯಂತ್ರವು ಮೊತ್ತಮೊದಲು ರೋಗಿಯೊಬ್ಬರ ಮಿದುಳನ್ನು ಪದರಪದರವಾಗಿ ತೋರಿಸಿತು. ಆ ಮೊದಲನೆಯ ರೋಗಿ ಮಿದುಳಿನ ಗೆಡ್ಡೆಯಿದೆಯೆಂದು ಸಂದೇಹಪಡಲಾಗಿದ್ದ ಸ್ತ್ರೀಯೇ. ಬಳಿಕ ಬಂದ ಎಂ.ಆರ್.ಐ. ಯಂತ್ರ ಇನ್ನೂ ಸೂಕ್ಷ್ಮವಾದುದು. ಇದರಿಂದಾಗಿ ಓಡಾಡಿಕೊಂಡು, ದುಡಿದುಕೊಂಡು, ಮದುವೆಯ ಸಿದ್ಧತೆಯಲ್ಲಿರುವ ತರುಣಿಯರಲ್ಲಿಯೂ ಗೆಡ್ಡೆಗಳು ಪತ್ತೆಯಾಗತೊಡಗಿದವು. ಬದುಕು ಬಹುಮಟ್ಟಿಗೆ ಎಂದಿನಂತೆಯೇ ಇರುವಾಗ ರೋಗ ತಿಳಿದುಬರುವುದರಿಂದಲೇ, ಬದುಕಿನ ಮುಂದಿನ ಯೋಜನೆಗಳ ಪ್ರಶ್ನೆಯೂ ಏಳುತ್ತದೆ.

ನಿಧಾನವೆಂದರೆ ಎಷ್ಟು?

ಮಿದುಳಿನ ಗೆಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ನಮ್ಮ ವಿಷಯಕ್ಕೆ ಸೇರುವ ಮೂರನ್ನು ಮಾತ್ರ ನೋಡೋಣ. ನರಕಣಗಳಿಗೆ ಆಸರೆಯಾಗಿರುವ ಗ್ಲಯಾ ಎಂಬ ಜೀವಕಣಗಳನ್ನು ಹೋಲುವ ಕಣಗಳಿಂದಾದುದು ಗ್ಲಯೋಮ. ಇದರಲ್ಲಿ ಉಗ್ರವಾದುವೂ ಉಂಟು, ಸೌಮ್ಯವಾದುವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಎರಡನೆಯ ದರ್ಜೆಯವು ನಿಧಾನವಾಗಿ ಬೆಳೆಯುವಂಥವು. ಇವು ಹೆಚ್ಚಾಗಿ ಕಾಣುವುದು ಇಪ್ಪತ್ತರಿಂದ ನಲವತ್ತೈದರ ನಡುವಿನ ವಯಸ್ಸಿನಲ್ಲಿ. ಮಿದುಳನ್ನು ಹೊದೆದಿರುವ ಪೊರೆಯಿಂದ ಹುಟ್ಟುವುದು ಮೆನಿಂಜಿಯೋಮ. 1922ರಲ್ಲಿ ಈ ಹೆಸರನ್ನಿಟ್ಟವರು ಅಮೆರಿಕದ ಹಾರ್ವೆ ಕುಶಿಂಗ್. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಮೂರನೆಯದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದು, ಎದೆಹಾಲನ್ನು ಚೋದಿಸುವ ಪ್ರೊಲಾಕ್ಟಿನ್ ಹಾರ್ಮೋನನ್ನು ಅತಿಯಾಗಿ ಸುರಿಸುವ ಪ್ರೊಲಾಕ್ಟಿನೋಮ. ಮುಟ್ಟು ನಿಂತುಹೋಗಿ ಗರ್ಭವೇ ನಿಲ್ಲದಂತೆ ಮಾಡುವುದರಿಂದ, 'ಮಕ್ಕಳಾಗಲಿಲ್ಲ' ಎಂದು ವೈದ್ಯರಲ್ಲಿಗೆ ಹೋದಾಗಲೇ ಇದು ಎಷ್ಟೋ ವೇಳೆ ಗೊತ್ತಾಗುತ್ತದೆ.

ಚಿತ್ರದಲ್ಲಿ ಕಂಡ ಚುಕ್ಕೆಯೆಲ್ಲ ಗೆಡ್ಡೆಯಲ್ಲ ಎಂಬ ಎಚ್ಚರವೂ ಬೇಕು. ನಮ್ಮ ದೇಶದಲ್ಲಿ ಕ್ಷಯದ ಗಂಟುಗಳೂ ಲಾಡಿಹುಳುವಿನ ಮರಿಗಳ ಚೀಲಗಳೂ ಮಿದುಳಿನಲ್ಲಿ ಸೇರಿಕೊಂಡು ಸೆಳವನ್ನು ತರುವುದುಂಟು. ಅವುಗಳ ಚಿಕಿತ್ಸೆಯೇ ಬೇರೆ.

ಈಗ ವೇಗದ ಲೆಕ್ಕ. ಚಿಕಿತ್ಸೆಗೆ ಒಳಗಾಗದ ಎರಡನೆಯ ದರ್ಜೆಯ ಗ್ಲಯೋಮದ ವ್ಯಾಸ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 4 ಮಿಲಿಮೀಟರಿನಷ್ಟು ಹೆಚ್ಚುವುದೆಂದು ಅಳತೆಯಿಂದ ತಿಳಿದಿದೆ. ಇಷ್ಟು ಸಣ್ಣ ಅಂಕೆಗೆ ಅಂಜಬೇಕೆ ಎನ್ನಬಹುದು. ಆದರೆ ಗೋಲದ ಗಾತ್ರವು ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಗಣಿತದ ವಿದ್ಯಾರ್ಥಿಗಳು ಬಲ್ಲರು. 20 ಮಿಲಿಮೀಟರು ವ್ಯಾಸದ ಗೋಲದ ಗಾತ್ರ ಸುಮಾರು 4.2 ಘನ ಸೆಂಟಿಮೀಟರು. ವರ್ಷಕ್ಕೆ 4 ಮಿಲಿಮೀಟರಿನಂತೆ ಒಂಬತ್ತು ತಿಂಗಳು ಬೆಳೆದರೆ ವ್ಯಾಸ 23 ಆಗುತ್ತದೆ, ಗಾತ್ರ 6.4ಕ್ಕೆ ಏರುತ್ತದೆ. ಅದೇ ಅವಧಿಯಲ್ಲಿ ವೇಗ ಇಮ್ಮಡಿಯಾಯಿತೆಂದು ಇಟ್ಟುಕೊಂಡರೆ ವ್ಯಾಸ 26, ಗಾತ್ರವಾದರೋ 9.2, ಎಂದರೆ ಮೊದಲಿನ ಎರಡರಷ್ಟಕ್ಕಿಂತಲೂ ಹೆಚ್ಚು. ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಮಿದುಳು, ರಕ್ತ, ಮಿದುಳ ರಸ ಮೂರಕ್ಕೂ ಅಳೆದಿಟ್ಟಷ್ಟೇ ಜಾಗ. ನಾಲ್ಕನೆಯದೊಂದು ಸೇರಿ ಬೆಳೆದರೆ ಒತ್ತಡ ಏರಲೇಬೇಕು. ಆದುದರಿಂದ 'ನಿಧಾನ' ಎಂಬ ಮಾತಿಗೆ 'ನಿರಪಾಯ' ಎಂಬ ಅರ್ಥವಿಲ್ಲ; ಆಲೋಚನೆಗೆ ಅವಕಾಶವುಂಟು ಎಂಬಷ್ಟೇ ಅರ್ಥ.

ಗರ್ಭವು ಗೆಡ್ಡೆಗೆ ಏನು ಮಾಡುತ್ತದೆ?

ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಹೆಚ್ಚುತ್ತದೆ. ನೀರಿನ ಅಂಶ ಶರೀರದಲ್ಲಿ ನಿಲ್ಲುತ್ತದೆ. ಈಸ್ಟ್ರೊಜನ್, ಪ್ರೊಜೆಸ್ಟೆರೋನ್ ಹಾರ್ಮೋನುಗಳು ಹಲವು ಮಡಿ ಏರುತ್ತವೆ. ಹೊಸ ರಕ್ತನಾಳಗಳನ್ನು ಬೆಳೆಸುವ ದ್ರವ್ಯಗಳನ್ನು ಮಾಸು ಸ್ರವಿಸುತ್ತದೆ. ಇವೆಲ್ಲವೂ ಶಿಶುವಿಗಾಗಿ ನಡೆಯುವ ಏರ್ಪಾಡು. ಆದರೆ ಗೆಡ್ಡೆಯೂ ಅದೇ ರಕ್ತದಿಂದಲೇ ಪೋಷಣೆ ಪಡೆಯುತ್ತದೆ.

2010ರಲ್ಲಿ ಫ್ರಾನ್ಸಿನ ವೈದ್ಯರು ಎರಡನೆಯ ದರ್ಜೆಯ ಗ್ಲಯೋಮವಿದ್ದ 11 ಮಂದಿ ಸ್ತ್ರೀಯರ 12 ಗರ್ಭಗಳ ಅವಧಿಯ ಚಿತ್ರಗಳನ್ನು ಅಳೆದು ಪ್ರಕಟಿಸಿದರು. ಗರ್ಭಕ್ಕೆ ಮುಂಚಿನ ಮತ್ತು ಹೆರಿಗೆಯ ನಂತರದ ವೇಗಗಳಿಗೆ ಹೋಲಿಸಿದರೆ ಗರ್ಭದ ಅವಧಿಯ ವೇಗ ಹೆಚ್ಚಾಗಿತ್ತು. ಕೆಲವರಲ್ಲಿ ಸೆಳವುಗಳೂ ಹೆಚ್ಚಿದವು. ಹನ್ನೆರಡೆಂಬುದು ಸಣ್ಣ ಸಂಖ್ಯೆ. ಇದರಿಂದ ಒಬ್ಬೊಬ್ಬರ ಭವಿಷ್ಯವನ್ನೂ ನುಡಿಯಲಾಗದು. ಆದರೂ ಅಳತೆಯಿಲ್ಲದ ಭಯಕ್ಕೂ ಅಳತೆಯಿಲ್ಲದ ಧೈರ್ಯಕ್ಕೂ ಬದಲಾಗಿ ಅಳತೆಯುಳ್ಳ ಎಚ್ಚರಿಕೆಗೆ ಅದು ದಾರಿಮಾಡಿತು.

ಮೆನಿಂಜಿಯೋಮಗಳಲ್ಲಿ ಬಹುಪಾಲಿನವು ಪ್ರೊಜೆಸ್ಟೆರೋನನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಹೊಂದಿರುತ್ತವೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅವು ಊದಿಕೊಂಡು, ದೃಷ್ಟಿನರದ ಬಳಿಯಿದ್ದರೆ ಕಣ್ಣು ಮಂಜಾಗಿ, ಹೆರಿಗೆಯ ಬಳಿಕ ಮತ್ತೆ ಇಳಿದ ನಿದರ್ಶನಗಳಿವೆ. ಪ್ರೊಲಾಕ್ಟಿನೋಮದಲ್ಲಿ 10 ಮಿಲಿಮೀಟರಿಗಿಂತ ಚಿಕ್ಕವು ಗರ್ಭಕಾಲದಲ್ಲಿ ತೊಂದರೆಯಾಗುವಷ್ಟು ಬೆಳೆಯುವುದು ಅಪರೂಪ. ದೊಡ್ಡವು ಬೆಳೆಯುವ ಸಂಭವ ಹೆಚ್ಚು. ಆದುದರಿಂದ ಗರ್ಭಕ್ಕೆ ಮೊದಲೇ ಕ್ಯಾಬರ್ಗೊಲಿನ್ ಅಥವಾ ಬ್ರೊಮೊಕ್ರಿಪ್ಟಿನ್ ಮಾತ್ರೆಗಳಿಂದ ಅವನ್ನು ಕುಗ್ಗಿಸಿಕೊಳ್ಳುವುದು ಕ್ರಮ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಈ ಗೆಡ್ಡೆಗಳು ತಾಯಿಯಿಂದ ಶಿಶುವಿಗೆ ಅಂಟುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅವು ವಂಶಪಾರಂಪರ್ಯವಾದುವೂ ಅಲ್ಲ. 2008ರಲ್ಲಿ ಗ್ಲಯೋಮಗಳಲ್ಲಿ ಗುರುತಿಸಲಾದ ಐ.ಡಿ.ಎಚ್. ಎಂಬ ಜೀನಿನ ಮಾರ್ಪಾಟು ಗೆಡ್ಡೆಯ ಕಣಗಳಲ್ಲಿ ಹುಟ್ಟಿಕೊಂಡದ್ದೇ ಹೊರತು ತಾಯಿಯ ಅಂಡಾಣುವಿನಲ್ಲಿ ಇರುವಂಥದಲ್ಲ. ನ್ಯೂರೊಫೈಬ್ರೊಮಟೋಸಿಸ್‌ನಂತಹ ಕೆಲವು ಕುಟುಂಬರೋಗಗಳು ಮಾತ್ರ ಇದಕ್ಕೆ ಅಪವಾದ.

ಗರ್ಭಕ್ಕೆ ಮುನ್ನ

ಕಾಪುವಿನ ಒಬ್ಬ ತರುಣಿಗೆ ಒಮ್ಮೆ ಸೆಳವು ಬಂದು, ಎಂ.ಆರ್.ಐ.ಯಲ್ಲಿ ನಿಧಾನಜಾತಿಯ ಗ್ಲಯೋಮವೆಂದು ಸಂದೇಹವಾಗಿದೆ, ಆಕೆಗೆ ಮಗು ಬೇಕೆಂಬ ಇಚ್ಛೆಯಿದೆ ಎಂದು ಕಲ್ಪಿಸಿಕೊಳ್ಳೋಣ. ವೈದ್ಯರು 'ಬೇಡ' ಎಂದೋ 'ಆಗಲಿ' ಎಂದೋ ಒಂದೇ ಪದದಲ್ಲಿ ಮುಗಿಸುವಂತಿಲ್ಲ. ಅವರು ಮೊದಲು ಕೆಲಸಗಳ ಸರದಿಯನ್ನು ಗೊತ್ತುಮಾಡುತ್ತಾರೆ.

ಮೊದಲನೆಯದು, ಗೆಡ್ಡೆಯ ಸ್ವಭಾವವನ್ನು ಅರಿಯುವುದು. ಕೆಲವು ತಿಂಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದರೆ ವೇಗ ತಿಳಿಯುತ್ತದೆ. ಜಾತಿಯನ್ನು ಖಚಿತಪಡಿಸುವುದು ಅಂಗಾಂಶದ ತುಣುಕಿನ ಪರೀಕ್ಷೆ. ಗರ್ಭವಿಲ್ಲದಾಗ ಈ ಪರೀಕ್ಷೆಗಳಿಗೆ ಅಡ್ಡಿಯಿಲ್ಲ. ಗರ್ಭ ನಿಂತ ಮೇಲೆ ಎಂ.ಆರ್.ಐ. ಮಾಡಬಹುದಾದರೂ ಚಿತ್ರವನ್ನು ಸ್ಪಷ್ಟಗೊಳಿಸುವ ಗ್ಯಾಡೊಲಿನಿಯಂ ಮದ್ದನ್ನು ಸಾಧ್ಯವಾದಷ್ಟು ವರ್ಜಿಸುತ್ತಾರೆ.

ಎರಡನೆಯದು, ಶಸ್ತ್ರಚಿಕಿತ್ಸೆ. ಗ್ಲಯೋಮವನ್ನು ಅಪಾಯವಿಲ್ಲದೆ ಎಷ್ಟು ತೆಗೆಯಬಹುದೋ ಅಷ್ಟನ್ನು ಮೊದಲೇ ತೆಗೆದರೆ, ಮುಂದೆ ಗರ್ಭದ ತಿಂಗಳುಗಳಲ್ಲಿ ಬೆಳೆಯಲು ಉಳಿಯುವುದು ಕಡಿಮೆ. ಗೆಡ್ಡೆಯು ಮಾತಿನ ಕೇಂದ್ರದ ಬಳಿಯಿದ್ದರೆ ರೋಗಿಯನ್ನು ನಡುವೆ ಎಚ್ಚರಗೊಳಿಸಿ, ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾ, ಮಾತು ತಡೆಯುವ ಜಾಗಗಳನ್ನು ಬಿಟ್ಟು ಉಳಿದುದನ್ನು ತೆಗೆಯುವ ವಿಧಾನವೊಂದುಂಟು. ನಮ್ಮ ಕರಾವಳಿಯ ಹೆಂಗಸು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತವಳು. ಎರಡು ಭಾಷೆಗಳು ಮಿದುಳಿನ ಮೇಲ್ಮೈಯಲ್ಲಿ ಪೂರ್ತಿಯಾಗಿ ಒಂದೇ ಜಾಗವನ್ನು ಹಂಚಿಕೊಳ್ಳದಿರಬಹುದು. ಆದಕಾರಣ ಆಕೆಯಾಡುವ ಪ್ರತಿಯೊಂದು ಭಾಷೆಯಲ್ಲೂ ಪರೀಕ್ಷಿಸುವುದು ಲೇಸು. ಮಗುವಿಗೆ ಜೋಗುಳ ಹಾಡಬೇಕಾದುದು ಮನೆಯ ಭಾಷೆಯಲ್ಲಿಯೇ ಅಲ್ಲವೆ?

ಚಿಕ್ಕದಾಗಿ, ಯಾವ ಲಕ್ಷಣವನ್ನೂ ತೋರದೆ ಇರುವ ಮೆನಿಂಜಿಯೋಮವನ್ನು ಮುಟ್ಟದೆ, ಕಾಲಕಾಲಕ್ಕೆ ಚಿತ್ರ ತೆಗೆಸಿ ಗಮನಿಸುತ್ತಿರುವುದೂ ಸರಿಯಾದ ಚಿಕಿತ್ಸೆಯೇ.

ಮೂರನೆಯದು, ಔಷಧ ಮತ್ತು ಕಿರಣಚಿಕಿತ್ಸೆಯ ಕಾಲವನ್ನು ಹೊಂದಿಸುವುದು. ಗೆಡ್ಡೆಯ ಕಣಗಳನ್ನು ಕೊಲ್ಲುವ ಟೆಮೊಜೊಲೊಮೈಡ್ ಔಷಧದ ಕೊನೆಯ ಮಾತ್ರೆಯ ಬಳಿಕ ಸ್ತ್ರೀಯರು ಆರು ತಿಂಗಳಾದರೂ ಗರ್ಭ ಧರಿಸಬಾರದು. ಐ.ಡಿ.ಎಚ್. ಮಾರ್ಪಾಟುಳ್ಳ ಗೆಡ್ಡೆಗಾಗಿ ಬಂದ ವೊರಾಸಿಡೆನಿಬ್ ಎಂಬ ಮಾತ್ರೆಯು 331 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗ ಮುಂದುವರಿಯದಿರುವ ಅವಧಿಯನ್ನು ಸುಮಾರು 11 ತಿಂಗಳಿಂದ ಸುಮಾರು 28 ತಿಂಗಳಿಗೆ ಹೆಚ್ಚಿಸಿತು. 2024ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಆದರೆ ಅದನ್ನು ಸೇವಿಸುವಾಗಲೂ ಬಿಟ್ಟ ಮೂರು ತಿಂಗಳವರೆಗೂ ಗರ್ಭ ಕೂಡದು. ಒಂದು ಕಡೆ ಗೆಡ್ಡೆಯನ್ನು ತಡೆಯುವ ವರ್ಷಗಳು, ಇನ್ನೊಂದು ಕಡೆ ತಾಯ್ತನಕ್ಕೆ ಅನುಕೂಲವಾದ ವರ್ಷಗಳು: ಇವೆರಡರ ತೂಕವನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಅಂಡಾಶಯಕ್ಕೆ ಹಾನಿ ತರಬಹುದಾದ ಚಿಕಿತ್ಸೆ ಬೇಕಾದಲ್ಲಿ, ಅದಕ್ಕೆ ಮೊದಲೇ ಅಂಡಾಣುಗಳನ್ನು ಶೀತದಲ್ಲಿ ಕಾಪಿಡುವ ಮಾರ್ಗವೂ ಇಂದು ಉಂಟು.

ನಾಲ್ಕನೆಯದು, ಕಾಯುವ ಕಾಲದಲ್ಲಿ ಗರ್ಭನಿರೋಧ. ಸರಕಾರಿ ಆಸ್ಪತ್ರೆಗಳಲ್ಲಿ 2017ರಿಂದ 'ಅಂತರಾ' ಎಂಬ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಚುಚ್ಚುಮದ್ದು ಸಾಮಾನ್ಯ ಸ್ತ್ರೀಯರಿಗೆ ಉಪಯುಕ್ತವಾದುದೇ. ಆದರೆ ಇದನ್ನು ಒಂದು ವರ್ಷಕ್ಕೂ ಮೀರಿ ತೆಗೆದುಕೊಂಡವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಮೆನಿಂಜಿಯೋಮದ ಸಂಭವ ಐದು ಪಟ್ಟಿಗಿಂತ ಹೆಚ್ಚೆಂದು 2024ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ಈ ಗೆಡ್ಡೆ ಅಪರೂಪದ್ದಾದುದರಿಂದ ಆರೋಗ್ಯವಂತರು ಗಾಬರಿಪಡಬೇಕಾಗಿಲ್ಲ. ಆದರೆ ಮೆನಿಂಜಿಯೋಮ ಇದೆಯೆಂದು ಗೊತ್ತಿರುವವರು ಆ ಚುಚ್ಚುಮದ್ದನ್ನು ಬಿಟ್ಟು ತಾಮ್ರದ ವಂಕಿಯಂತಹ ಹಾರ್ಮೋನಿಲ್ಲದ ಸಾಧನವನ್ನು ಆರಿಸಿಕೊಳ್ಳುವುದು ಕ್ಷೇಮ.

ಸೆಳವಿನ ಮಾತ್ರೆಗಳು

ಗ್ಲಯೋಮದ ಮೊದಲ ಲಕ್ಷಣ ಬಹಳ ಮಂದಿಯಲ್ಲಿ ಸೆಳವು. ಅದಕ್ಕೆ ಕೊಡುವ ಮಾತ್ರೆಗಳಲ್ಲಿ ವಾಲ್‌ಪ್ರೊಯೇಟ್ ಎಂಬುದು ಗರ್ಭಕ್ಕೆ ತೀರ ಕೆಟ್ಟುದು. ಅದನ್ನು ಸೇವಿಸುವ ತಾಯಂದಿರ ಹತ್ತು ಶಿಶುಗಳಲ್ಲಿ ಸುಮಾರು ಒಂದಕ್ಕೆ ಅಂಗವಿಕಲತೆ, ನೂರರಲ್ಲಿ ಮೂವತ್ತರಿಂದ ನಲವತ್ತು ಮಕ್ಕಳಿಗೆ ಬುದ್ಧಿ ಮತ್ತು ಭಾಷೆಯ ಬೆಳವಣಿಗೆಯಲ್ಲಿ ಕುಂದು ಉಂಟಾಗಬಹುದು. ಲೆವೆಟಿರಾಸಿಟಾಂ, ಲಾಮೊಟ್ರಿಜಿನ್ ಎಂಬವು ಇದಕ್ಕಿಂತ ಎಷ್ಟೋ ಸುರಕ್ಷಿತ. ಮಾತ್ರೆಯನ್ನು ಬದಲಾಯಿಸಬೇಕಾದುದು ಗರ್ಭಕ್ಕೆ ಮೊದಲೇ, ವೈದ್ಯರ ಕಣ್ಣಿನಡಿಯಲ್ಲಿಯೇ. ಏಕೆಂದರೆ ಭ್ರೂಣದ ನರನಾಳವು ಗರ್ಭಧಾರಣೆಯಿಂದ ಸುಮಾರು 28 ದಿನಗಳೊಳಗೆ ಮುಚ್ಚಿಕೊಂಡಿರುತ್ತದೆ. ಮುಟ್ಟು ತಪ್ಪಿತೆಂದು ತಾಯಿಗೆ ಸಂದೇಹ ಬರುವುದು ಆ ಹೊತ್ತಿಗೆ. ಫಾಲಿಕ್ ಆಮ್ಲದ ಮಾತ್ರೆಯನ್ನೂ ಇದೇ ಕಾರಣದಿಂದ ಗರ್ಭಕ್ಕೆ ಮುಂಚಿನಿಂದಲೇ ಆರಂಭಿಸಬೇಕು.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕರ. 'ಗರ್ಭಿಣಿಗೆ ಮದ್ದು ಒಳ್ಳೆಯದಲ್ಲ' ಎಂದು ಹಿರಿಯರ ಮಾತಿಗೆ ಸೆಳವಿನ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮರುಕಳಿಸಿ ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು ಬರಬಹುದು. ಗರ್ಭ ಬೆಳೆದಂತೆ ದೇಹವು ಈ ಔಷಧಗಳನ್ನು ಬೇಗಬೇಗನೆ ಹೊರಹಾಕುವುದರಿಂದ ಪ್ರಮಾಣವನ್ನು ಹೆಚ್ಚಿಸಬೇಕಾಗಿಯೂ ಬರುವುದುಂಟು.

ಗರ್ಭದ ತಿಂಗಳುಗಳಲ್ಲಿ

ಗರ್ಭ ನಿಂತ ಮೇಲೆ ನರರೋಗ ತಜ್ಞ, ನರಶಸ್ತ್ರವೈದ್ಯ, ಪ್ರಸೂತಿ ವೈದ್ಯ, ಅರಿವಳಿಕೆ ವೈದ್ಯ ಇವರೆಲ್ಲ ಒಂದೇ ಯೋಜನೆಯಂತೆ ನಡೆಯಬೇಕು. ಮಣಿಪಾಲದಲ್ಲಿ 1961ರಲ್ಲಿ ಆರಂಭವಾದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಈ ವಿಭಾಗಗಳೆಲ್ಲ ಒಂದೇ ಆವರಣದಲ್ಲಿರುವುದು ಸುತ್ತಲಿನ ಜನರ ಭಾಗ್ಯ. ಕಾಪುವಿನಿಂದಾಗಲಿ ಕಾರ್ಕಳದಿಂದಾಗಲಿ ಅಲ್ಲಿಗೆ ನಲವತ್ತು ಕಿಲೊಮೀಟರಿಗಿಂತ ಹೆಚ್ಚಿನ ದಾರಿಯಿಲ್ಲ.

ಆದರೆ ದಿನನಿತ್ಯದ ತಪಾಸಣೆ ನಡೆಯುವುದು ಊರಿನ ಆರೋಗ್ಯ ಕೇಂದ್ರದಲ್ಲಿ. ಅಲ್ಲಿನ ದಾದಿಗೆ ಗೆಡ್ಡೆಯ ವಿಚಾರವೇ ತಿಳಿಯದಿದ್ದರೆ ಏನಾದೀತು? ಬೆಳಗಿನ ವಾಂತಿಯನ್ನು ಗರ್ಭದ ಓಕರಿಕೆಯೆಂದೂ, ತಲೆನೋವನ್ನು ರಕ್ತದೊತ್ತಡದ್ದೆಂದೂ, ಸೆಳವನ್ನು ಗರ್ಭನಂಜೆಂದೂ ಎಣಿಸುವುದು ಸಹಜ. ಗರ್ಭನಂಜಿನ ಸೆಳವು ಸಾಮಾನ್ಯವಾಗಿ ಇಪ್ಪತ್ತು ವಾರಗಳ ಬಳಿಕ, ಏರಿದ ರಕ್ತದೊತ್ತಡದ ಜೊತೆಗೆ ಬರುವಂಥದು. ಅದರ ಚಿಕಿತ್ಸೆ ಬೇರೆ. ಆದುದರಿಂದ ಗೆಡ್ಡೆಯ ಹೆಸರು, ಇರುವ ಜಾಗ, ಸೇವಿಸುವ ಮಾತ್ರೆ, ತಜ್ಞರ ದೂರವಾಣಿ ಇವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಡಬೇಕು.

ನಮ್ಮ ಜಿಲ್ಲೆಯ ಒಂದು ಸಂಪ್ರದಾಯವನ್ನೂ ಇಲ್ಲಿ ಗಣನೆಗೆ ತರಬೇಕಾಗುತ್ತದೆ. ಏಳನೆಯ ತಿಂಗಳಲ್ಲಿ ಬಯಕೆಯ ಸಮಾರಂಭ ನಡೆಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಗಂಡನ ಮನೆ ಕಾಪುವಿನಲ್ಲಿ, ತವರು ಕಾರ್ಕಳದ ಯಾವುದೋ ಹಳ್ಳಿಯಲ್ಲಿ ಎಂದಾದರೆ, ಅತ್ಯಂತ ಎಚ್ಚರಿಕೆ ಬೇಕಾದ ಕೊನೆಯ ತಿಂಗಳುಗಳಲ್ಲಿಯೇ ಆಕೆಯನ್ನು ನೋಡುವ ವೈದ್ಯರು ಬದಲಾಗುತ್ತಾರೆ. ಸೀರೆ ಬಳೆಗಳ ಜೊತೆಗೆ ಎಂ.ಆರ್.ಐ. ಚಿತ್ರಗಳೂ ಔಷಧದ ಚೀಟಿಗಳೂ ತವರಿಗೆ ಹೋಗಬೇಕು. ತವರಿನವರಿಗೂ ವಿಷಯ ತಿಳಿದಿರಬೇಕು.

ದಿನೇ ದಿನೇ ಹೆಚ್ಚುವ ತಲೆನೋವು, ಮುಂಜಾನೆಯ ವಾಂತಿ ಅದರೊಡನೆ ಕೂಡಿದ್ದು, ದೃಷ್ಟಿ ಮಸುಕಾಗುವುದು, ತೂಕಡಿಕೆ, ಹೊಸದಾಗಿ ಬಂದ ಸೆಳವು: ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ ಗರ್ಭದ ನಡುವಿನ ಮೂರು ತಿಂಗಳು ಅದಕ್ಕೆ ಹೆಚ್ಚು ಅನುಕೂಲ. ತಾಯಿಯ ಪ್ರಾಣಕ್ಕೆ ಅಪಾಯವಿದ್ದರೆ ಯಾವ ತಿಂಗಳೂ ಕಾಯುವಂತಿಲ್ಲ. ಗೆಡ್ಡೆಯಿದೆಯೆಂಬ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ತಲೆಯೊಳಗಿನ ಒತ್ತಡ ಏರದಿರುವಲ್ಲಿ ಸಹಜ ಹೆರಿಗೆ ಸಾಧ್ಯ. ಏರಿರುವಲ್ಲಿ ಬಹಳ ಹೊತ್ತು ಮುಕ್ಕುವುದನ್ನೂ ಬೆನ್ನಿಗೆ ಸೂಜಿ ಚುಚ್ಚುವುದನ್ನೂ ತಪ್ಪಿಸಬೇಕಾಗಬಹುದು.

ಹೆರಿಗೆಯಾದ ಮೇಲೆ ನಿದ್ದೆಗೇಡು ಸೆಳವನ್ನು ಕೆರಳಿಸುತ್ತದೆ. ರಾತ್ರಿಯಲ್ಲಿ ಮಗುವಿನ ಆರೈಕೆಯನ್ನು ಇನ್ನೊಬ್ಬರು ಹಂಚಿಕೊಳ್ಳಬೇಕು. ತಾಯಿ ನೆಲದ ಮೇಲೆ ಕುಳಿತು ಹಾಲೂಡಿಸಬೇಕು. ಮಗುವನ್ನು ಕಾಲಮೇಲೆ ಮಲಗಿಸಿ ನೀರು ಹೊಯ್ಯುವ ಕೆಲಸವನ್ನು ಆಕೆ ಒಬ್ಬಳೇ ಮಾಡಬಾರದು. ಸೆಳವು ಹತೋಟಿಗೆ ಬರುವವರೆಗೆ ಬಾವಿಯಿಂದ ನೀರು ಸೇದುವುದನ್ನು ಬೇರೆಯವರಿಗೆ ಬಿಡಬೇಕು. ಲೆವೆಟಿರಾಸಿಟಾಂ, ಲಾಮೊಟ್ರಿಜಿನ್ ಸೇವಿಸುವವರು ಸಾಮಾನ್ಯವಾಗಿ ಎದೆಹಾಲು ಕೊಡಬಹುದು.

ಗುಟ್ಟಿನ ಬೆಲೆ

ಮೇಲಿನ ಕ್ರಮಗಳನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಗರ್ಭಕ್ಕೆ ಮೊದಲು ಸುಲಭ, ಗರ್ಭ ನಿಂತ ಮೇಲೆ ಕಷ್ಟ. ನಿಧಾನವಾಗಿ ಬೆಳೆಯುವ ಗೆಡ್ಡೆಯು ನಮಗೆ ಕೊಡುವ ಒಂದೇ ಅನುಕೂಲ ಕಾಲಾವಕಾಶ. ಗುಟ್ಟು ಅದನ್ನೇ ತಿಂದುಹಾಕುತ್ತದೆ. ಸೆಳವಿನ ರೋಗವನ್ನು ಮುಚ್ಚಿ ಮದುವೆ ಮಾಡಿ, ಮದುವೆಯಾದ ಮೇಲೆ ಮಾತ್ರೆಯನ್ನು ಬಚ್ಚಿಟ್ಟು ನುಂಗಿ, ಕೊನೆಗೆ ಅದನ್ನೂ ಬಿಟ್ಟು ಗರ್ಭಿಣಿಯಾಗುವ ಹೆಣ್ಣಿಗೆ ಯಾವ ಆಸ್ಪತ್ರೆ ಹತ್ತಿರವಿದ್ದರೇನು?

ಈ ಗುಟ್ಟಿಗೆ ಒಂದು ಕಾಲದಲ್ಲಿ ಕಾನೂನಿನ ಭಯವೂ ಸೇರಿತ್ತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವು ವಿವಾಹಕ್ಕೆ ಅಡ್ಡಿಯಾದ ಸಂಗತಿಗಳ ಸಾಲಿಗೆ ಸೇರಿಕೊಂಡಿತ್ತು. 1999ರ ತಿದ್ದುಪಡಿಯು ಆ ಪದವನ್ನು ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟುದನ್ನು ಸಮಾಜವು ಇನ್ನೂ ಹಿಡಿದುಕೊಂಡಿರುವುದು ವಿಷಾದಕರ.

ಕೊನೆಯ ನಿರ್ಧಾರ ಯಾರದು? ಚಿತ್ರ ನೋಡಿ ಗೆಡ್ಡೆಯ ವೇಗವನ್ನು ವೈದ್ಯರು ಹೇಳಬಲ್ಲರು. ಅಪಾಯದ ಪ್ರಮಾಣವನ್ನು ವಿವರಿಸಬಲ್ಲರು. ಕೆಲವರಿಗೆ ಚಿಕಿತ್ಸೆ ಮುಗಿಯುವ ತನಕ ಕಾಯಿರೆಂದೂ, ಗೆಡ್ಡೆ ವೇಗವಾಗಿ ಬೆಳೆಯುತ್ತಿರುವ ಕೆಲವರಿಗೆ ಗರ್ಭ ಬೇಡವೆಂದೂ ಅವರು ಸಲಹೆ ಕೊಡಬೇಕಾಗಬಹುದು. ಆದರೆ ಮಗುವಿನ ಆಸೆಗೆ ಎಷ್ಟು ಬೆಲೆ ಕೊಡಬೇಕು, ಎಷ್ಟು ಅಪಾಯವನ್ನು ಹೊರಬಹುದು ಎಂಬುದನ್ನು ಅಳೆಯುವ ಯಂತ್ರವಿಲ್ಲ. ಅದನ್ನು ತೂಗಿ ನೋಡಬೇಕಾದವಳು ಆ ಸ್ತ್ರೀಯೇ. ಅತ್ತೆಯೂ ಅಲ್ಲ, ತವರೂ ಅಲ್ಲ, ಗಂಡನು ಜೊತೆಗಾರನಾಗಬಹುದು. 'ಬೇಗ ಒಂದು ಮಗುವಾಗಲಿ' ಎಂದು ಒತ್ತಾಯಿಸುವುದೂ, 'ಇವಳಿಗೇಕೆ ಮಗು' ಎಂದು ತಳ್ಳಿಹಾಕುವುದೂ ಸಮಾನವಾದ ಅನ್ಯಾಯಗಳು.

ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುವ ಏರ್ಪಾಡು 2016ರಿಂದ ಇದೆ. ಆದರೆ ಈ ರೋಗವಿರುವವರು ಗರ್ಭಿಣಿಯಾಗುವವರೆಗೆ ಕಾಯಬಾರದು. ಓದುವ ಹುಡುಗ ಹುಡುಗಿಯರು ತಮ್ಮ ಅಕ್ಕ, ಅತ್ತಿಗೆ, ನೆರೆಮನೆಯವರಲ್ಲಿ ಸೆಳವಿನ ಮಾತ್ರೆ ನುಂಗುವವರಿದ್ದರೆ, 'ಮಗುವಿನ ಯೋಚನೆ ಮಾಡುವ ಮೊದಲೇ ವೈದ್ಯರನ್ನು ಒಮ್ಮೆ ಕೇಳಿ, ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ' ಎಂಬಷ್ಟನ್ನು ತಿಳಿಸಿದರೆ, ತಾವು ಕಲಿತ ಜೀವಶಾಸ್ತ್ರವು ಪರೀಕ್ಷೆಯ ಕೊಠಡಿಯ ಹೊರಗೂ ಒಂದು ಉಪಕಾರ ಮಾಡಿದಂತಾಗುವುದು.